ಮಕ್ಕಳ ಸಾಧನೆಯನ್ನು ಅಳೆಯುವ ಬಗೆ: ಹಿರೋಷಿಮಾದ ಒಂದು ತರಗತಿಯ ಪಾಠ

ಮುಂಬಯಿಯ ಯಾವುದೇ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಹೋದರೂ ಪ್ರತಿಭಾ ಪುರಸ್ಕಾರದ ಕಾರ್ಯಕ್ರಮ ಇದ್ದೇ ಇರುತ್ತದೆ. ಪ್ರಾರ್ಥನೆಯಾಗಿ, ದೀಪ ಬೆಳಗಿ, ಅತಿಥಿಗಳಿಗೆ ಶಾಲು ಹೊದಿಸಿ ಫಲಪುಷ್ಪ ಅರ್ಪಿಸಿದ ಬಳಿಕ ಮಕ್ಕಳ ಹೆಸರುಗಳನ್ನು ಒಂದೊಂದಾಗಿ ಕರೆಯಲಾಗುತ್ತದೆ. ಚಿತ್ರಕಲೆಯಲ್ಲಿ ಪ್ರಥಮ, ನೂರು ಮೀಟರ್ ಓಟದಲ್ಲಿ ದ್ವಿತೀಯ, ಶಾಲೆಯ ಸಹಾಯನಿಧಿಗೆ ಅತಿ ಹೆಚ್ಚು ಹಣ ಸಂಗ್ರಹಿಸಿದ ವಿದ್ಯಾರ್ಥಿನಿ, ಹೀಗೆ ಪಟ್ಟಿ ಸಾಗುತ್ತದೆ. ತಂದೆತಾಯಂದಿರು ಮೊಬೈಲ್ ಎತ್ತಿ ಹಿಡಿಯುತ್ತಾರೆ, ಸಭೆ ಚಪ್ಪಾಳೆ ತಟ್ಟುತ್ತದೆ. ಹಲವು ವರ್ಷ ಇಂತಹ ಪಟ್ಟಿಗಳನ್ನು ಸಿದ್ಧಪಡಿಸುವ ಸಮಿತಿಯಲ್ಲಿ ದುಡಿದಿರುವ ನನ್ನನ್ನು ಒಂದು ಪ್ರಶ್ನೆ ಬಹುಕಾಲದಿಂದ ಕಾಡುತ್ತಿದೆ. ಪ್ರಾಥಮಿಕ ಶಾಲೆಯ ಮಗುವಿನ ಸಾಧನೆಯೆಂದರೆ ನಿಜವಾಗಿ ಏನು? ಅದನ್ನು ನಾವು ಯಾವ ಅಳತೆಗೋಲಿನಿಂದ ಅಳೆಯಬೇಕು?

ಈ ಪ್ರಶ್ನೆ ಹುಟ್ಟಿದ್ದು ನನ್ನದೇ ತಪ್ಪಿನಿಂದ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನನ್ನ ಮಗಳು ಮೂರನೆಯ ತರಗತಿಯಲ್ಲಿದ್ದಾಗ ಶಾಲೆಯಿಂದ ಒಂದು ದೇಣಿಗೆ ಕಾರ್ಡು ತಂದಿದ್ದಳು. ದಾನಿಯ ಹೆಸರು, ಮೊತ್ತ, ಸಹಿ ಎಂದು ಮೂರು ಅಂಕಣಗಳಿದ್ದ ಆ ಕಾರ್ಡನ್ನು ನಾನು ನಮ್ಮ ಶಾಖೆಗೆ ಒಯ್ದೆ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಅದು ಮೇಜಿನಿಂದ ಮೇಜಿಗೆ ಸರಿಯಿತು. ಸಹೋದ್ಯೋಗಿಗಳು ಬರೆದರು. ಸಾಲದ ಅರ್ಜಿ ಹಿಡಿದು ಬಂದಿದ್ದ ಒಬ್ಬಿಬ್ಬರು ಗ್ರಾಹಕರೂ ಇಲ್ಲವೆನ್ನಲಾರದೆ ಬರೆದರು. ಎರಡೇ ದಿನಗಳಲ್ಲಿ ಕಾರ್ಡು ತುಂಬಿತು. ತರಗತಿಯಲ್ಲಿ ಅತಿ ಹೆಚ್ಚು ಹಣ ತಂದವಳೆಂದು ಮಗಳಿಗೆ ಪ್ರಮಾಣಪತ್ರ ದೊರೆಯಿತು. ಆ ರಾತ್ರಿ ಊಟಕ್ಕೆ ಕುಳಿತಾಗ ಅವಳು ಕೇಳಿದಳು: "ಅಪ್ಪಾ, ಆ ದುಡ್ಡು ಯಾರಿಗೆ ಹೋಗ್ತದೆ?" ನನಗೆ ಗೊತ್ತಿರಲಿಲ್ಲ. ಕಾರ್ಡಿನ ಹಿಂಬದಿಯಲ್ಲಿ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿದ್ದುದನ್ನು ನಾನು ಓದಿರಲಿಲ್ಲ, ಅವಳಿಗೆ ಓದಿ ಹೇಳಿಯೂ ಇರಲಿಲ್ಲ. ಆ ಪ್ರಮಾಣಪತ್ರ ಇಂದಿಗೂ ನಮ್ಮ ಮನೆಯ ಕಡತದಲ್ಲಿದೆ. ಅದರಲ್ಲಿರುವ ಹೆಸರು ಅವಳದು. ಸಾಧನೆ ಮಾತ್ರ ಅವಳದೂ ಅಲ್ಲ, ನನ್ನದೂ ಅಲ್ಲ. ಅದು ನನ್ನ ಸಹೋದ್ಯೋಗಿಗಳ ದಾಕ್ಷಿಣ್ಯದ್ದು.

ಅಂದಿನಿಂದ ಮಕ್ಕಳು ತಾವಾಗಿಯೇ ನಿಧಿ ಸಂಗ್ರಹಿಸಿದ, ಚಿತ್ರ ಬರೆದ, ಆಟದಲ್ಲಿ ಗೆದ್ದ ಪ್ರಸಂಗಗಳು ಎಲ್ಲಿ ಕಂಡರೂ ಓದುವ ಅಭ್ಯಾಸ ನನಗಾಯಿತು. ಹಾಗೆ ಓದಿದವುಗಳಲ್ಲಿ ಜಪಾನಿನ ಒಂದು ತರಗತಿಯ ವೃತ್ತಾಂತ ನನ್ನ ಮನಸ್ಸಿನಲ್ಲಿ ಆಳವಾಗಿ ನಿಂತಿದೆ. ಕ್ರೀಡೆ, ಕಲೆ, ದಾನ ಎಂಬ ಮೂರೂ ಅದರಲ್ಲಿ ಒಂದೇ ದಾರದಲ್ಲಿ ಪೋಣಿಸಿಕೊಂಡಿವೆ. ಅದನ್ನು ಓದುಗರೊಂದಿಗೆ ಹಂಚಿಕೊಳ್ಳುವುದೇ ಈ ಲೇಖನದ ಉದ್ದೇಶ.

ಬಿದಿರು ತರಗತಿಯ ಓಟ

ಹಿರೋಷಿಮಾ ನಗರದ ಮೇಲೆ 1945ರ ಆಗಸ್ಟ್ 6ರ ಬೆಳಿಗ್ಗೆ 8 ಗಂಟೆ 15 ನಿಮಿಷಕ್ಕೆ ಅಣುಬಾಂಬ್ ಸಿಡಿಯಿತು. ಆ ವರ್ಷದ ಕೊನೆಯೊಳಗೆ ಸುಮಾರು 1,40,000 ಜನ ಮಡಿದರೆಂದು ನಗರಾಡಳಿತದ ಅಂದಾಜು. ಸತ್ತವರಲ್ಲಿ ಸಾವಿರಾರು ಶಾಲಾ ಮಕ್ಕಳಿದ್ದರು. ಬಾಂಬ್ ಸಿಡಿದ ಸ್ಥಳದಿಂದ ಎರಡು ಕಿಲೋಮೀಟರಿಗೂ ಕಡಿಮೆ ದೂರದ ಮನೆಯಲ್ಲಿದ್ದ ಎರಡು ವರ್ಷದ ಸಡಾಕೊ ಸಸಾಕಿ ಎಂಬ ಹೆಣ್ಣುಮಗು ಕಣ್ಣಿಗೆ ಕಾಣುವ ಗಾಯವಿಲ್ಲದೆ ಪಾರಾಯಿತು. ತಾಯಿಯ ಜೊತೆ ಓಡಿಹೋಗುವಾಗ ವಿಕಿರಣದಿಂದ ಕೂಡಿದ ಕಪ್ಪು ಮಳೆಯಲ್ಲಿ ಅವಳು ನೆನೆದಿದ್ದಳು.

ಕ್ಷೌರಿಕ ವೃತ್ತಿಯ ತಂದೆಯ ಮಗಳಾದ ಸಡಾಕೊ ಆರೋಗ್ಯವಾಗಿಯೇ ಬೆಳೆದು ನೊಬೊರಿಚೊ ಪ್ರಾಥಮಿಕ ಶಾಲೆಗೆ ಸೇರಿದಳು. ಜಪಾನಿನಲ್ಲಿ ಪ್ರಾಥಮಿಕ ಶಿಕ್ಷಣ ಆರು ವರ್ಷಗಳದು. ಆರನೆಯ ವರ್ಷದಲ್ಲಿ ಅವಳಿದ್ದ ವಿಭಾಗಕ್ಕೆ 'ಬಿದಿರು ತರಗತಿ' ಎಂದು ಹೆಸರು. ಹಿಂದೆ ರಿಲೇ ಓಟದಲ್ಲಿ ಸೋತು ಮುಖ ಬಾಡಿಸಿಕೊಂಡಿದ್ದ ಈ ತರಗತಿಗೆ ಅಧ್ಯಾಪಕರು ದಿನವೂ ಓಟದ ಅಭ್ಯಾಸ ಮಾಡಿಸಿದರು. 1954ರ ಶರತ್ಕಾಲದ ಕ್ರೀಡಾಕೂಟದಲ್ಲಿ ಬಿದಿರು ತರಗತಿ ಗೆದ್ದಿತು. ಅತಿ ವೇಗದ ಓಟಗಾರ್ತಿಯರಲ್ಲಿ ಸಡಾಕೊ ಒಬ್ಬಳು.

ಇಲ್ಲಿ ರಿಲೇ ಓಟದ ಸ್ವಭಾವವನ್ನು ಗಮನಿಸಬೇಕು. ನೂರು ಮೀಟರ್ ಓಟದಲ್ಲಿ ಗೆಲ್ಲುವುದು ಒಂದು ಮಗು. ರಿಲೇಯಲ್ಲಿ ಕೋಲು ಕೈಯಿಂದ ಕೈಗೆ ದಾಟಬೇಕು. ಎಷ್ಟೇ ವೇಗದ ಓಟಗಾರ್ತಿಯಾದರೂ ತನ್ನ ಹಿಂದಿನವಳು ಬಂದು ಕೋಲು ಕೊಡುವವರೆಗೆ ಕಾಯಲೇಬೇಕು. ನಿಧಾನವಾಗಿ ಓಡುವ ಮಗುವನ್ನು ಬಿಟ್ಟುಕೊಟ್ಟರೆ ತಂಡವೇ ಸೋಲುತ್ತದೆ. ಆದುದರಿಂದ ಆ ದಿನ ಬಿದಿರು ತರಗತಿ ಗಳಿಸಿದ್ದು ಒಂದು ಬಹುಮಾನವನ್ನು ಮಾತ್ರವಲ್ಲ, 'ನಾವು' ಎಂಬ ಭಾವವನ್ನು. ಮುಂದೆ ನಡೆದುದೆಲ್ಲ ಆ ಭಾವದ ಮೇಲೆಯೇ ನಿಂತಿದೆ.

ಔಷಧದ ಕಾಗದದಲ್ಲಿ ಅರಳಿದ ಕ್ರೌಂಚ

ಆ ಗೆಲುವಿನ ಕೆಲವೇ ವಾರಗಳ ನಂತರ ಸಡಾಕೊಳ ಕುತ್ತಿಗೆಯಲ್ಲಿ ಗಂಟುಗಳು ಕಾಣಿಸಿಕೊಂಡವು. 1955ರ ಫೆಬ್ರವರಿಯಲ್ಲಿ ಅವಳನ್ನು ಹಿರೋಷಿಮಾದ ರೆಡ್ ಕ್ರಾಸ್ ಆಸ್ಪತ್ರೆಗೆ ಸೇರಿಸಲಾಯಿತು. ರಕ್ತದ ಕ್ಯಾನ್ಸರ್ ಆದ ಲ್ಯುಕೇಮಿಯಾ ಎಂದು ವೈದ್ಯರು ತಿಳಿಸಿದರು. ವಿಕಿರಣಕ್ಕೆ ಒಳಗಾದವರಲ್ಲಿ ಈ ರೋಗ ವರ್ಷಗಳ ಬಳಿಕ ತಲೆದೋರುವುದು ಆ ಹೊತ್ತಿಗಾಗಲೇ ವೈದ್ಯರಿಗೆ ತಿಳಿದಿತ್ತು. ಹತ್ತು ವರ್ಷ ದೇಹದೊಳಗೆ ಸುಮ್ಮನಿದ್ದ ಬಾಂಬ್ ಹೀಗೆ ಎಚ್ಚೆತ್ತಿತು.

ಆ ಆಗಸ್ಟ್ ತಿಂಗಳಲ್ಲಿ ನಗೋಯಾ ನಗರದಿಂದ ರೋಗಿಗಳಿಗೆ ಶುಭ ಕೋರಿ ಕಾಗದದ ಕ್ರೌಂಚ ಪಕ್ಷಿಗಳ ಸರಗಳು ಆಸ್ಪತ್ರೆಗೆ ಬಂದವು. ಚೌಕಾಕಾರದ ಒಂದು ಕಾಗದವನ್ನು ಕತ್ತರಿಯಾಗಲಿ ಅಂಟಾಗಲಿ ಇಲ್ಲದೆ ಮಡಿಸಿ ಮಡಿಸಿ ಆಕಾರ ಮೂಡಿಸುವ ಒರಿಗಾಮಿ ಕಲೆ ಜಪಾನಿನಲ್ಲಿ ಮನೆಮನೆಯದು. ಕ್ರೌಂಚ ಸಾವಿರ ವರ್ಷ ಬಾಳುತ್ತದೆಂಬುದು, ಸಾವಿರ ಕ್ರೌಂಚಗಳನ್ನು ಮಡಿಸಿದವರ ಇಷ್ಟಾರ್ಥ ನೆರವೇರುತ್ತದೆಂಬುದು ಅಲ್ಲಿನ ಜನರ ನಂಬಿಕೆ. ಬೇಡನ ಬಾಣಕ್ಕೆ ಬಿದ್ದ ಕ್ರೌಂಚವೇ ಆದಿಕವಿಯ ಶೋಕವನ್ನು ಶ್ಲೋಕವಾಗಿಸಿತೆಂದು ತಿಳಿದಿರುವ ನಮಗೆ ಈ ಹಕ್ಕಿ ಅಪರಿಚಿತವಲ್ಲ.

ಸಡಾಕೊ ಮಡಿಸತೊಡಗಿದಳು. ಬಣ್ಣದ ಕಾಗದ ದುಬಾರಿಯಾಗಿತ್ತು. ಔಷಧದ ಪುಡಿ ಕಟ್ಟಿ ಕೊಡುತ್ತಿದ್ದ ಕಾಗದ, ಇತರ ರೋಗಿಗಳಿಗೆ ಬಂದ ಉಡುಗೊರೆಗಳ ಹೊದಿಕೆ, ಕೈಗೆ ಸಿಕ್ಕಿದ್ದೆಲ್ಲ ಕ್ರೌಂಚವಾಯಿತು. ಕೆಲವು ಎಷ್ಟು ಪುಟ್ಟವೆಂದರೆ ಸೂಜಿಯ ಮೊನೆಯಿಂದ ಮಡಿಸಬೇಕಾಗಿತ್ತು. ಹಿರೋಷಿಮಾದ ಶಾಂತಿ ಸ್ಮಾರಕ ವಸ್ತುಸಂಗ್ರಹಾಲಯದಲ್ಲಿ ಅವಳ ಕೈಯ ಕ್ರೌಂಚಗಳು ಇಂದಿಗೂ ಇವೆ. 1977ರಲ್ಲಿ ಪ್ರಕಟವಾದ ಎಲಿನಾರ್ ಕೊಯರ್ ಅವರ ಪ್ರಸಿದ್ಧ ಇಂಗ್ಲಿಷ್ ಮಕ್ಕಳ ಪುಸ್ತಕದ ಪ್ರಕಾರ ಅವಳು 644 ಹಕ್ಕಿಗಳನ್ನು ಮಾತ್ರ ಮುಗಿಸಿದ್ದಳು. ಉಳಿದವನ್ನು ಗೆಳತಿಯರು ಪೂರ್ತಿಗೊಳಿಸಿದರೆಂದು ಅನೇಕ ಶಾಲೆಗಳಲ್ಲಿ ಹೇಳಿಕೊಡುವುದು ಈ ಪುಸ್ತಕದ ಕಾರಣದಿಂದ. ಆದರೆ ಅವಳ ಅಣ್ಣ ಮಸಾಹಿರೊ ಅವರೂ ವಸ್ತುಸಂಗ್ರಹಾಲಯವೂ ಹೇಳುವಂತೆ ಅವಳು ಸಾವಿರವನ್ನು ದಾಟಿದ್ದಳು, ದಾಟಿದ ಮೇಲೂ ಮಡಿಸುತ್ತಲೇ ಇದ್ದಳು. ನನಗೆ ಈ ನಿಜಸಂಗತಿಯೇ ಕಥೆಗಿಂತ ದೊಡ್ಡದಾಗಿ ಕಾಣುತ್ತದೆ. ಸಾವಿರ ತುಂಬಿತು, ಕಾಯಿಲೆ ವಾಸಿಯಾಗಲಿಲ್ಲ. ಆದರೂ ಮಗು ಮತ್ತೊಂದು ಕಾಗದವನ್ನು ಕೈಗೆತ್ತಿಕೊಂಡಿತು. 1955ರ ಅಕ್ಟೋಬರ್ 25ರಂದು ಸಡಾಕೊ ತೀರಿಕೊಂಡಳು. ಆಗ ಅವಳಿಗೆ ಹನ್ನೆರಡು ವರ್ಷ.

ಈ ಹಕ್ಕಿಗಳಿಗೆ ಯಾವ ಸ್ಪರ್ಧೆಯೂ ಇರಲಿಲ್ಲ, ತೀರ್ಪುಗಾರರೂ ಇರಲಿಲ್ಲ. ಆದರೆ ವಿಶೇಷ ಪ್ರತಿಭೆಯನ್ನಾಗಲಿ ಬೆಲೆಬಾಳುವ ಬಣ್ಣಗಳನ್ನಾಗಲಿ ಬೇಡದ ಈ ಕಲೆ ಯಾರ ಕೈಗೂ ಎಟುಕುವಂಥದು. ತಾಳ್ಮೆಯೊಂದಿದ್ದರೆ ಸಾಕು. ಮುಂದೆ ಅದು ಲೋಕದ ಮಕ್ಕಳಿಗೆಲ್ಲ ಹರಡಿದ್ದಕ್ಕೆ ಈ ಸರಳತೆಯೇ ಕಾರಣ.

ಮಕ್ಕಳು ಮಕ್ಕಳನ್ನು ಕೇಳಿದರು

ಸಡಾಕೊ ಆಸ್ಪತ್ರೆ ಸೇರಿದಾಗ ಬಿದಿರು ತರಗತಿಯ ಮಕ್ಕಳು ಸರದಿಯಂತೆ ಹೋಗಿ ನೋಡಿಕೊಂಡು ಬರಲು ನಿಶ್ಚಯಿಸಿದ್ದರು. ಆದರೆ ಮಾರ್ಚ್‌ನಲ್ಲಿ ಪ್ರಾಥಮಿಕ ಶಾಲೆ ಮುಗಿಯಿತು. ಮಾಧ್ಯಮಿಕ ಶಾಲೆಯಲ್ಲಿ ಹೊಸ ಪಾಠ, ಹೊಸ ಗೆಳೆತನ. ಭೇಟಿಗಳು ವಿರಳವಾದವು. ಅಷ್ಟರಲ್ಲಿ ಸಾವಿನ ಸುದ್ದಿ ಬಂದಿತು. 'ನಾವು ಇನ್ನಷ್ಟು ಹೋಗಬೇಕಾಗಿತ್ತು' ಎಂಬ ಅಳಲು ಆ ಮಕ್ಕಳನ್ನು ಕಾಡಿತು. ಅವರ ನಿಧಿಸಂಗ್ರಹ ಹುಟ್ಟಿದ್ದು ಈ ಪಶ್ಚಾತ್ತಾಪದಿಂದ.

ಹಿರೋಷಿಮಾದಲ್ಲಿ ಬಾಂಬ್ ಪೀಡಿತರಿಗಾಗಿ ದುಡಿಯುತ್ತಿದ್ದ ಇಚಿರೊ ಕವಮೊಟೊ ಎಂಬ ಯುವಕ ಅವರ ಮುಂದೆ ಒಂದು ಸಲಹೆಯಿಟ್ಟರು. ಸಡಾಕೊ ಒಬ್ಬಳಿಗೇ ಅಲ್ಲ, ಬಾಂಬಿನಿಂದ ಮಡಿದ ಎಲ್ಲ ಮಕ್ಕಳಿಗಾಗಿ ಒಂದು ಸ್ಮಾರಕವನ್ನು ಏಕೆ ನಿರ್ಮಿಸಬಾರದು ಎಂಬುದು ಆ ಸಲಹೆ. ಆ ನವೆಂಬರ್‌ನಲ್ಲಿ ದೇಶದ ನಾನಾ ಕಡೆಯ ಮಾಧ್ಯಮಿಕ ಶಾಲೆಗಳ ಮುಖ್ಯೋಪಾಧ್ಯಾಯರ ಸಮ್ಮೇಳನ ಹಿರೋಷಿಮಾದಲ್ಲೇ ನಡೆಯಿತು. ಮಕ್ಕಳು ಸುಮಾರು 2,000 ಕರಪತ್ರಗಳನ್ನು ಸಮ್ಮೇಳನಕ್ಕೆ ಬಂದವರಿಗೆ ಹಂಚಿದರು. ಕರಪತ್ರಗಳು ಊರೂರಿಗೆ ಹೋದವು. 1956ರ ಜನವರಿಯ ಹೊತ್ತಿಗೆ ಹಿರೋಷಿಮಾದ ಪ್ರಾಥಮಿಕ, ಮಾಧ್ಯಮಿಕ, ಪ್ರೌಢಶಾಲೆಗಳ ವಿದ್ಯಾರ್ಥಿಗಳದೇ ಒಂದು ಸಂಘ ರೂಪುಗೊಂಡಿತು. ಜಪಾನಿನ 3,000ಕ್ಕೂ ಹೆಚ್ಚು ಶಾಲೆಗಳಿಂದ, ಒಂಬತ್ತು ಹೊರದೇಶಗಳಿಂದ ಹಣ ಹರಿದುಬಂದಿತು. ಯುದ್ಧದಲ್ಲಿ ಸೋತು, ಬಡತನದಿಂದ ಮೇಲೇಳುತ್ತಿದ್ದ ದೇಶದ ಮಕ್ಕಳ ಚಿಲ್ಲರೆ ಕಾಸುಗಳು ಅವು.

1958ರ ಮೇ 5ರಂದು, ಜಪಾನಿನಲ್ಲಿ ಮಕ್ಕಳ ದಿನವಾಗಿ ಆಚರಿಸುವ ದಿನ, ಶಿಲ್ಪಿ ಕಜುವೊ ಕಿಕುಚಿ ಅವರು ರೂಪಿಸಿದ ಒಂಬತ್ತು ಮೀಟರ್ ಎತ್ತರದ ಮಕ್ಕಳ ಶಾಂತಿ ಸ್ಮಾರಕ ಅನಾವರಣಗೊಂಡಿತು. ಮೂರು ಕಾಲುಗಳ ಪೀಠದ ಮೇಲೆ ಕಂಚಿನ ಬಾಲಕಿ, ಅವಳು ಎರಡೂ ಕೈಯೆತ್ತಿ ಹಿಡಿದ ಕ್ರೌಂಚ. ಸ್ಮಾರಕದೊಳಗೆ ತೂಗುಹಾಕಿದ ಗಂಟೆಯನ್ನು ಕೊಟ್ಟವರು ಭೌತವಿಜ್ಞಾನದ ನೊಬೆಲ್ ಪುರಸ್ಕೃತ ಹಿದೆಕಿ ಯುಕಾವಾ. ಇಂದು ಅಲ್ಲಿಗೆ ಪ್ರಪಂಚದ ಎಲ್ಲೆಡೆಯಿಂದ ವರ್ಷಕ್ಕೆ ಸುಮಾರು ಒಂದು ಕೋಟಿ ಕಾಗದದ ಕ್ರೌಂಚಗಳು ಬರುತ್ತವೆ. ಅವುಗಳ ತೂಕ ಸುಮಾರು ಹತ್ತು ಟನ್.

ಬ್ಯಾಂಕಿನವನಾದ ನಾನು ಈ ಸಂಗ್ರಹದ ಕ್ರಮವನ್ನು ಗಮನಿಸುತ್ತೇನೆ. ಯಾರಿಗಾಗಿ ಎಂಬುದು ಕೇಳುವ ಮಗುವಿಗೂ ಕೊಡುವ ಮಗುವಿಗೂ ಸ್ಪಷ್ಟವಾಗಿತ್ತು. ಕೇಳಿದವರೂ ಮಕ್ಕಳು, ಕೊಟ್ಟವರಲ್ಲೂ ಮಕ್ಕಳೇ ಹೆಚ್ಚು. ಆದುದರಿಂದ ದಾಕ್ಷಿಣ್ಯಕ್ಕೆ ಎಡೆಯಿರಲಿಲ್ಲ. ಕೊಟ್ಟ ಹಣ ಎಲ್ಲರ ಕಣ್ಣೆದುರು ಕಲ್ಲಾಗಿ, ಕಂಚಾಗಿ ನಿಂತಿತು. ಒಂದು ಲೆಕ್ಕಪತ್ರ ಇದಕ್ಕಿಂತ ಚೊಕ್ಕವಾಗಿರಲಾರದು. ಹಿರಿಯರೂ ನೆರವಾದರು ನಿಜ. ಸಲಹೆ ಕೊಟ್ಟವರು, ಶಿಲ್ಪ ಕಡೆದವರು ಹಿರಿಯರೇ. ಆದರೆ ಕೇಳುವ ಕೆಲಸವನ್ನು ಮಕ್ಕಳಿಂದ ಯಾರೂ ಕಸಿದುಕೊಳ್ಳಲಿಲ್ಲ.

ಗಾಜಿನ ಮೇಲಿನ ಚಿತ್ರ, ಕನ್ನಡ ಬಲ್ಲ ಆನೆ

ಇದು ಒಂದು ಊರಿನ ವಿಶೇಷವಷ್ಟೇ ಎಂದು ಯಾರಾದರೂ ಹೇಳಬಹುದು. ಹಾಗಲ್ಲವೆಂಬುದಕ್ಕೆ ಅದೇ ಯುದ್ಧೋತ್ತರ ಕಾಲದ ಇನ್ನೆರಡು ಪ್ರಸಂಗಗಳನ್ನು ನೆನೆಯಬಹುದು.

ಯುದ್ಧದಿಂದ ನಲುಗಿದ ಚೆಕೊಸ್ಲೊವಾಕಿಯಾದ ಒಂದು ಹಳ್ಳಿಯ ಶಾಲೆಗೆ ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ ಹಾಲು ಹಂಚಿತ್ತು. ಅದಕ್ಕೆ ಕೃತಜ್ಞತೆಯಾಗಿ ಯಿಟ್ಕಾ ಸಾಮ್ಕೋವಾ ಎಂಬ ಏಳು ವರ್ಷದ ಬಾಲಕಿ ಹೂಮಾಲೆಗಳ ಕಂಬದ ಸುತ್ತ ಕುಣಿಯುವ ಹುಡುಗಿಯರ ಚಿತ್ರ ಬರೆದಳು. ಕಾಗದ ಸಿಗದ ಕಾಲವಾದುದರಿಂದ ಗಾಜಿನ ತುಂಡಿನ ಮೇಲೆ ಬರೆದಳು. 1949ರಲ್ಲಿ ಆ ಚಿತ್ರವೇ ಯುನಿಸೆಫ್‌ನ ಮೊತ್ತಮೊದಲ ಶುಭಾಶಯ ಪತ್ರವಾಯಿತು. ಅಲ್ಲಿಂದ ಮುಂದೆ ದಶಕಗಳ ಕಾಲ ಇಂತಹ ಪತ್ರಗಳ ಮಾರಾಟದಿಂದ ಲೋಕದ ಮಕ್ಕಳಿಗಾಗಿ ಹಣ ಕೂಡಿತು. ನಮ್ಮಲ್ಲಿ ಅನೇಕರು ಹೊಸವರ್ಷಕ್ಕೆ ಆ ಪತ್ರಗಳನ್ನು ಕೊಂಡು ಕಳುಹಿಸಿದವರೇ. ಆ ಮಗು ಬಹುಮಾನಕ್ಕಾಗಿ ಬರೆಯಲಿಲ್ಲ; ಹಾಲು ಕೊಟ್ಟವರಿಗಾಗಿ ಬರೆಯಿತು.

ಎರಡನೆಯದು ಕನ್ನಡಿಗರಿಗೆ ತೀರ ಆಪ್ತವಾದುದು. ಯುದ್ಧಕಾಲದಲ್ಲಿ, 1943ರಲ್ಲಿ, ಟೋಕಿಯೋದ ಉಯೆನೊ ಮೃಗಾಲಯದ ಮೂರು ಆನೆಗಳನ್ನು ಉಪವಾಸ ಕೆಡವಿ ಸಾಯಿಸಲಾಗಿತ್ತು. ಯುದ್ಧ ಮುಗಿದ ಮೇಲೆ ಆನೆಯನ್ನೇ ಕಾಣದ ಮಕ್ಕಳು ನೂರಾರು ಪತ್ರಗಳನ್ನು ನಮ್ಮ ಪ್ರಧಾನಿ ಜವಾಹರಲಾಲ್ ನೆಹರೂ ಅವರಿಗೆ ಬರೆದು, ಒಂದು ಆನೆ ಕಳುಹಿಸಿಕೊಡಿ ಎಂದು ಬೇಡಿಕೊಂಡರು. ನೆಹರೂ ಅವರು ತಮ್ಮ ಮಗಳ ಹೆಸರನ್ನೇ ಇಟ್ಟು 'ಇಂದಿರಾ' ಎಂಬ ಆನೆಯನ್ನು 1949ರಲ್ಲಿ ಕಳುಹಿಸಿದರು. ಅದು ಮೈಸೂರು ಸೀಮೆಯ ಆನೆ. ಅದಕ್ಕೆ ಅರ್ಥವಾಗುತ್ತಿದ್ದುದು ಕನ್ನಡ ಮಾತ್ರ! ಅದನ್ನು ನೋಡಿಕೊಳ್ಳಬೇಕಾದ ಜಪಾನಿ ಮಾವುತರು ನಮ್ಮವರಿಂದ ಕನ್ನಡದ ಮಾತುಗಳನ್ನು ಕಲಿಯಬೇಕಾಯಿತು. ಇಂದಿರಾ 1983ರವರೆಗೂ ಅಲ್ಲಿಯೇ ಬಾಳಿತು. ಒಂದು ಮಗು ತನ್ನ ಕೈಯಾರೆ ಬರೆದ ಕಾಗದಕ್ಕೆ ಎಷ್ಟು ಬಲವಿದೆಯೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ನಮ್ಮ ಪಟ್ಟಿಗಳಿಗೆ ಇದರಿಂದ ಏನು?

ಸ್ಪರ್ಧೆಯೇ ಬೇಡವೆಂದು ನಾನು ವಾದಿಸುವುದಿಲ್ಲ. ಚೆನ್ನಾಗಿ ಓಡುವ ಮಗುವಿಗೆ ಪದಕ ಸಲ್ಲಬೇಕು, ಒಳ್ಳೆಯ ಚಿತ್ರಕ್ಕೆ ಮೆಚ್ಚುಗೆ ಸಲ್ಲಬೇಕು. ಆದರೆ ಹತ್ತು ವರ್ಷದೊಳಗಿನ ಮಗುವಿನ ಸಾಧನೆಯನ್ನು ಮೊತ್ತದಿಂದ, ಕ್ರಮಾಂಕದಿಂದ ಮಾತ್ರ ಅಳೆದಾಗ ಹಿರಿಯರ ಕೈ ತಾನಾಗಿಯೇ ಒಳಗೆ ನುಸುಳುತ್ತದೆ. ಮಗಳ ಕಾರ್ಡನ್ನು ತಂದೆ ಕಚೇರಿಗೆ ಒಯ್ಯುತ್ತಾನೆ. ಮಗನ ಚಿತ್ರಕ್ಕೆ ತಾಯಿ ಬಣ್ಣ ತುಂಬುತ್ತಾಳೆ. ಕೊನೆಗೆ ವೇದಿಕೆಯ ಮೇಲೆ ನಿಂತ ಮಗುವಿಗೇ ತನ್ನ ಹೆಸರು ಏಕೆ ಕರೆದರೆಂಬುದು ತಿಳಿದಿರುವುದಿಲ್ಲ. ಇದರಿಂದಾಗುವ ನಷ್ಟ ಸಣ್ಣದಲ್ಲ. ಕೊಡುವುದೆಂದರೆ ದೊಡ್ಡವರಿಂದ ಹಣ ತರಿಸುವುದು ಎಂಬ ಪಾಠವನ್ನು ಮಗು ಎಳೆಯ ವಯಸ್ಸಿನಲ್ಲೇ ಕಲಿತುಬಿಡುತ್ತದೆ.

ಮನೆಯಲ್ಲಿ ನಾವು ಮಾಡಬಹುದಾದ ಕೆಲಸಗಳು ಸುಲಭವಾದವು. ದೇಣಿಗೆ ಕಾರ್ಡು ಬಂದಾಗ ಅದು ಯಾರಿಗಾಗಿ ಎಂಬುದನ್ನು ಮಗು ತನ್ನ ಮಾತಿನಲ್ಲಿ ಹೇಳಲು ಕಲಿತ ಮೇಲೆಯೇ ಮೊದಲ ಸಹಿ ಬೀಳಲಿ. ಹಣ ಕಡಿಮೆಯಾದರೂ ಚಿಂತೆಯಿಲ್ಲ; ನೆರೆಮನೆಯ ಬಾಗಿಲು ತಟ್ಟುವುದು, ತನ್ನ ಹುಂಡಿಯ ಕಾಸನ್ನು ಸೇರಿಸುವುದು, ಲೆಕ್ಕ ಬರೆಯುವುದು ಮಗುವಿನ ಕೈಯಿಂದಲೇ ಆಗಲಿ. ಸಂಘಗಳು ಓಟದ ಜೊತೆಗೆ ರಿಲೇ, ಖೋಖೋ, ಲಗೋರಿಗಳಿಗೂ ಬಹುಮಾನವಿಡಲಿ. ಚಿತ್ರಸ್ಪರ್ಧೆಯಲ್ಲಿ ಬಹುಮಾನಿತ ಮೂರು ಚಿತ್ರಗಳೊಂದಿಗೆ ಬಂದ ಎಲ್ಲ ಚಿತ್ರಗಳನ್ನೂ ಗೋಡೆಗೆ ಹಚ್ಚಲಿ.

ಕೊನೆಯಲ್ಲಿ ನನ್ನ ವೃತ್ತಿಜೀವನದ ಒಂದು ಬೆಳಿಗ್ಗೆಯನ್ನು ನೆನೆಯುತ್ತೇನೆ. 2019ರ ಆಗಸ್ಟ್‌ನಲ್ಲಿ ಉತ್ತರ ಕರ್ನಾಟಕದಲ್ಲೂ ಸಾಂಗ್ಲಿ, ಕೊಲ್ಹಾಪುರಗಳಲ್ಲೂ ಭೀಕರ ನೆರೆ ಬಂದಿತ್ತು. ಆ ದಿನಗಳಲ್ಲಿ ಸಮೀಪದ ಒಂದು ಶಾಲೆಯ ಮೂವರು ಮಕ್ಕಳು ಶಿಕ್ಷಕಿಯೊಂದಿಗೆ ನಮ್ಮ ಶಾಖೆಗೆ ಬಂದರು. ಬಟ್ಟೆಯ ಚೀಲದ ತುಂಬ ನಾಣ್ಯಗಳು. ಹಿಂದೆ ಸರದಿಯಲ್ಲಿ ನಿಂತವರು ಗೊಣಗಿದರು. ನಗದು ಗುಮಾಸ್ತರು ಎಣಿಸುತ್ತ ಹೋದಂತೆ ಮಕ್ಕಳೂ ಬಾಯಲ್ಲೇ ಎಣಿಸುತ್ತಿದ್ದರು. ನಡುವೆ ಇಪ್ಪತ್ತೈದು ಪೈಸೆಯ ಎಂಟು ನಾಣ್ಯಗಳು ಸಿಕ್ಕಿದವು. 2011ರ ಜೂನ್ 30ರಿಂದ ಅವು ಚಲಾವಣೆಯಲ್ಲಿಲ್ಲ. ತೆಗೆದುಕೊಳ್ಳಲಾಗದೆಂದು ಹೇಳಿದಾಗ ಒಬ್ಬ ಹುಡುಗಿಯ ಮುಖ ಸಣ್ಣದಾಯಿತು. "ಅದು ನಮ್ಮ ಅಜ್ಜಿ ಕೊಟ್ಟದ್ದು" ಎಂದಳು. ನಮ್ಮ ಗುಮಾಸ್ತರು ಒಂದು ಮಾತೂ ಆಡದೆ ಜೇಬಿನಿಂದ ಎರಡು ರೂಪಾಯಿಯ ನಾಣ್ಯ ತೆಗೆದು ರಾಶಿಗೆ ಸೇರಿಸಿದರು. ಹಳೆಯ ನಾಣ್ಯಗಳನ್ನು ಅವಳ ಅಂಗೈಗಿಟ್ಟು, "ಅಜ್ಜಿಯ ದುಡ್ಡು ಜಮಾ ಆಯಿತು ಅಂತ ಹೇಳಮ್ಮ" ಎಂದರು.

ಒಟ್ಟು ಮೂರು ಸಾವಿರ ರೂಪಾಯಿಯೂ ಆಗಿರಲಿಲ್ಲ. ಜಮಾ ಚೀಟಿಯನ್ನು ಮಕ್ಕಳೇ ತುಂಬಿದ್ದರು. ಹಣ ಕಟ್ಟುವವರ ಹೆಸರಿನ ಜಾಗದಲ್ಲಿ ದುಂಡಗಿನ ಅಕ್ಷರಗಳಲ್ಲಿ ಬರೆದಿದ್ದುದು ಇಷ್ಟು: "ಐದನೇ ಇಯತ್ತೆಯ ಎಲ್ಲರೂ".

ಮುಂದಿನ ವಾರ್ಷಿಕೋತ್ಸವದಲ್ಲಿ ಪುರಸ್ಕಾರಕ್ಕೆ ಬರುವ ಪ್ರತಿಯೊಂದು ಮಗುವಿಗೂ ವೇದಿಕೆಯ ಮೇಲೆ ಎರಡು ಪ್ರಶ್ನೆಗಳನ್ನು ಕೇಳೋಣವೆಂದು ನಾನು ನಮ್ಮ ಸಮಿತಿಗೆ ಸೂಚಿಸಿದ್ದೇನೆ. ಇದನ್ನು ಯಾರಿಗಾಗಿ ಮಾಡಿದೆ? ಯಾರ ಜೊತೆ ಸೇರಿ ಮಾಡಿದೆ? ಕಾರ್ಯಕ್ರಮ ಹತ್ತು ನಿಮಿಷ ತಡವಾಗಬಹುದು. ಮಕ್ಕಳ ಉತ್ತರಗಳನ್ನು ಕೇಳಿದ ಮೇಲೆ ಸಭಿಕರು ಆ ತಡವನ್ನು ಮನ್ನಿಸುವರೆಂಬ ಭರವಸೆ ನನಗಿದೆ.